ಬಾನೆಟ್ಟಿನ ಮೇಲೆ ಮಾಮನ ಹಿಂಗೈ

ಮುಂಬೈ ಬದಿಯ ಡೊಂಬಿವಲಿಯಲ್ಲಿ ನಾನು ಯಾರ ದನಿಯನ್ನೂ ಬಿಟ್ಟವನಲ್ಲ. ನೀರಿನ ಟ್ಯಾಂಕರ್ ಬರದ ದಿನ ನಮ್ಮ ಸೊಸೈಟಿ ಸೆಕ್ರೆಟರಿ ಮಾತಾಡುವ ದನಿ, ಲೋಕಲ್ ರೈಲಿನ ಬಾಗಿಲಿಗೆ ತಾನೇ ಗೋಂದು ಹಾಕಿಕೊಂಡು ನಿಂತು 'ಅಂದರ್ ಚಲೋ, ಅಂದರ್ ಚಲೋ' ಎಂದು ಬೇರೆಯವರಿಗೆ ಬೈಯುವವನ ದನಿ, ಊರಿಗೆ ಫೋನ್ ಹಚ್ಚಿದಾಗ ಮಾತ್ರ ಶುದ್ಧ ಕನ್ನಡ ಉಕ್ಕುವ ನನ್ನ ಅಪ್ಪನ ದನಿ, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗೆ ಇವೆ. ನನ್ನದೇ ದನಿ ಹೇಗಿದೆ ಎಂದು ಮಾತ್ರ ಕೇಳಬೇಡಿ. ಅದು ಕನ್ನಡದಲ್ಲಿ ಸ್ಟಾರ್ಟ್ ಆಗಿ, ಹಿಂದಿಯಲ್ಲಿ ಗೇರ್ ಬದಲಿಸಿ, ಮರಾಠಿಯಲ್ಲಿ ಪಾರ್ಕ್ ಆಗುತ್ತದೆ.

ಮೂರನೇ ಮಾಳಿಗೆಯ ಮಾಮನ ಮಿಮಿಕ್ರಿ ಮಾಡುವುದಕ್ಕೆ ಮಾತ್ರ ದನಿಯೇ ಬೇಡ. ಕೈ ಸಾಕು. ಬಲಗೈಯನ್ನು ಮಗುಚಿ, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಹಿಂಗೈಯನ್ನು ಎದುರಿಗಿದ್ದ ಯಾವುದರ ಮೇಲಾದರೂ ಇಟ್ಟು, ಕಣ್ಣು ಮುಚ್ಚಿ, ಮೂಗಿನಿಂದ ಒಂದು 'ಹ್ಞೂಂ' ಎಂದರೆ ಠಾಣೆಯಿಂದ ಕಲ್ಯಾಣದವರೆಗೆ ನಮ್ಮ ಕಡೆಯ ಯಾವ ಮದುವೆ ಮನೆಯಲ್ಲೂ ನಗು ಏಳುತ್ತಿತ್ತು. ಯಾರೆಂದು ಹೇಳಬೇಕಾಗಿರಲಿಲ್ಲ. ಹೋದ ತಿಂಗಳು ಅವರು ತೀರಿಕೊಂಡರು. ಈಗಲೂ ಹೆಸರು ಹೇಳುವುದಿಲ್ಲ. ಗೊತ್ತಿದ್ದವರಿಗೆ ಕೈ ಸಾಕು, ಗೊತ್ತಿಲ್ಲದವರಿಗೆ ಈ ನಾಲ್ಕು ಪುಟ.

ಮಾಮ ಎಂದೆನಲ್ಲ, ರಕ್ತಸಂಬಂಧ ಹುಡುಕಬೇಡಿ. ಡೊಂಬಿವಲಿಯಲ್ಲಿ ಮಾಮ ಆಗುವುದಕ್ಕೆ ಬಿಲ್ಡಿಂಗಿನ ಒಂದೇ ವಿಂಗ್ ಆದರೆ ಸಾಕು. ಉಡುಪಿ ಕಡೆಯವರು. ಠಾಣೆಯ ಹಳೇ ನಾಕಾದ ಹತ್ತಿರ ಅವರ ವೆಜ್ ಹೋಟೆಲು. ದುಡ್ಡಿನ ಗಲ್ಲೆಯಲ್ಲಿ ಕೂತರೆ ಅಡಿಗೆಮನೆಯ ಎಣ್ಣೆ ಎಷ್ಟು ಕಾದಿದೆ ಎಂದು ಮೂಗಿನಲ್ಲೇ ಹೇಳುವವರು. ಅದನ್ನು ತಾವೇ ಹೇಳಿಕೊಳ್ಳುವವರು ಕೂಡ. ವಿನಯ ಎಂಬ ಪದಾರ್ಥ ಅವರ ಮೆನುವಿನಲ್ಲಿ ಇರಲಿಲ್ಲ. 'ಈ ಠಾಣೆ ಜಿಲ್ಲೆಯಲ್ಲಿ ಡೀಸೆಲ್ ಗೊತ್ತಿದ್ದವರು ಇಬ್ಬರೇ ಮಾರಾಯ. ಇನ್ನೊಬ್ಬ ಊರಿಗೆ ಹೋಗಿದ್ದಾನೆ' ಎನ್ನುತ್ತಿದ್ದರು. ಆ ಇನ್ನೊಬ್ಬ ಯಾರೆಂದು ಯಾರೂ ಕಂಡದ್ದಿಲ್ಲ.

ಅವರ ಹತ್ತಿರ ಒಂದು ಹಳೇ ಫೋರ್ ಬೈ ಫೋರ್ ಡೀಸೆಲ್ ಗಾಡಿ ಇತ್ತು. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುವಂಥದ್ದು. ಮುರಬಾಡ, ಕರ್ಜತ್ ಕಡೆಯ ಫಾರ್ಮ್ ಹೌಸುಗಳಲ್ಲಿ ಮದುವೆ ಅಡಿಗೆಯ ಆರ್ಡರು ಹಿಡಿಯುತ್ತಿದ್ದರು. ಜೂನ್ ತಿಂಗಳ ಕೆಸರಿನಲ್ಲಿ ಸಾಂಬಾರಿನ ಹಂಡೆಯನ್ನು ಬೆಟ್ಟ ಹತ್ತಿಸಬೇಕಾದರೆ ಬೇರೆ ಯಾವ ಗಾಡಿ ಆಗುತ್ತದೆ? ಹಾಗೆ ಗಾಡಿ ಹೋಟೆಲಿಗೆ ಬಂತು, ಹೋಟೆಲು ಗಾಡಿಯೊಳಗೆ ಹೋಯಿತು. ಹತ್ತಿ ಕೂತರೆ ಇಂಗಿನ ವಾಸನೆ.

ಭಾನುವಾರ ಬಂತೆಂದರೆ ಮಾಮನಿಗೆ ಬೇಡಿಕೆ. ಪನವೇಲಿನಿಂದ ಕಲ್ಯಾಣದವರೆಗೆ ನಮ್ಮವರು ಯಾರು ಹಳೇ ಡೀಸೆಲ್ ಗಾಡಿ ಕೊಳ್ಳುವುದಾದರೂ ಮಾಮನನ್ನು ಕರೆದುಕೊಂಡು ಹೋಗಬೇಕು. ಮಾಮ ಹೋಗುವಾಗ ನನ್ನನ್ನು ಕರೆದುಕೊಳ್ಳುತ್ತಿದ್ದರು. ನಾನು ಐರೋಲಿಯ ಒಂದು ಆಫೀಸಿನಲ್ಲಿ ವಾರವಿಡೀ ಹೆಡ್‌ಫೋನ್ ಹಾಕಿಕೊಂಡು ಪರದೇಶದವರ ಬೈಗುಳ ಕೇಳುವವನು. ಭಾನುವಾರ ಮಾಮನ ಬೈಗುಳ ಕೇಳುವುದು ನನಗೆ ರಜೆ ಇದ್ದ ಹಾಗೆ.

'ನಾನ್ಯಾಕೆ ಮಾಮ?'

'ನನ್ನ ಹಿಂದಿ ಸಿಟ್ಟು ಬಂದಾಗ ತುಳು ಆಗುತ್ತದೆ. ನೀನು ಮಧ್ಯೆ ನಿಲ್ಲು.'

ಮಾರುವವನ ಮನೆಯಲ್ಲಿ ಚಾ ಕುಡಿಯಬಾರದು. ಇದು ಮಾಮನ ಕಾಯಿದೆ. ಫ್ಲಾಸ್ಕಿನಲ್ಲಿ ತಮ್ಮದೇ ಕಾಫಿ ಒಯ್ಯುತ್ತಿದ್ದರು. 'ಅವನ ಸಕ್ಕರೆ ನಾಲಗೆಗೆ ತಾಗಿತೋ, ತಪ್ಪು ಹೇಳುವುದಕ್ಕೆ ದಾಕ್ಷಿಣ್ಯ ಆಗುತ್ತದೆ.' ಆಮೇಲೆ ಗಾಡಿಯ ಬಣ್ಣ ನೋಡದೆ, ಒಳಗೆ ಇಣುಕದೆ, ನೇರ ಹೋಗಿ ಬಾನೆಟ್ಟಿನ ಮೇಲೆ ಹಿಂಗೈ. ಕಣ್ಣು ಮುಚ್ಚಿ, 'ಹ್ಞೂಂ.' ತಣ್ಣಗಿದ್ದರೆ ಮುಂದಿನ ಮಾತು. ಬೆಚ್ಚಗಿದ್ದರೆ, 'ಕಲ್ ಆತಾ ಹೂಂ', ನಾಳೆ ಬರುತ್ತೇನೆ ಎಂದು ತಿರುಗಿ ನಡೆದೇ ಬಿಡುತ್ತಿದ್ದರು. ನಾವು ಎರಡು ರಿಕ್ಷಾ, ಒಂದು ಲೋಕಲ್ ಹತ್ತಿ ಬಂದದ್ದಕ್ಕೆ ಲೆಕ್ಕವೇ ಇಲ್ಲ.

ಮೊದಲ ಸಲ ನಾನು ದಾರಿಯಿಡೀ ಗೊಣಗಿದೆ. ಮಾಮ ಹೇಳಿದರು: 'ಬಿಸಿ ಸಾಂಬಾರಿನಲ್ಲಿ ನಿನ್ನೆಯದ್ದೂ ಇವತ್ತಿನದ್ದೂ ಒಂದೇ ರುಚಿ. ತಣಿದ ಮೇಲೆ ಗೊತ್ತಾಗುವುದು ಹಳಸಿದ್ದು ಯಾವುದು ಅಂತ. ಡೀಸೆಲ್ ಎಂಜಿನ್ನೂ ಹಾಗೆಯೇ. ಒಮ್ಮೆ ಬಿಸಿಯಾದರೆ ಸತ್ತ ಎಂಜಿನ್ ಕೂಡ ಕೀಲಿ ತಿರುಗಿಸಿದ ಕೂಡಲೇ ಏಳುತ್ತದೆ. ರಾತ್ರಿಯಿಡೀ ಮಲಗಿದ್ದು ಬೆಳಿಗ್ಗೆ ಹೇಗೆ ಏಳುತ್ತದೆ ಅಂತ ನೋಡಬೇಕು. ನಾವು ಬರುವ ಮೊದಲೇ ಅವನು ಅದನ್ನು ಎಬ್ಬಿಸಿ ಮುಖ ತೊಳೆಸಿ ಇಟ್ಟಿದ್ದಾನೆ ಅಂದರೆ ಏನೋ ಮುಚ್ಚಿಡುವುದು ಉಂಟು.' ಮತ್ತೆ ಬೆರಳೆತ್ತಿ, ನನಗೆ ಮುಂದೆ ನೂರು ಸಲ ವೇದಿಕೆಯಲ್ಲಿ ಚಪ್ಪಾಳೆ ತಂದುಕೊಟ್ಟ ಮಾತು: 'ಎಂಜಿನ್ ತಣ್ಣಗಿರಬೇಕು, ಗಿರಾಕಿ ತಣ್ಣಗಿರಬೇಕು. ಬೆವರಬೇಕಾದ್ದು ಮಾರುವವ ಒಬ್ಬನೇ.'

ಹೊಗೆ ನೋಡುವುದನ್ನು ಅವರು ಅಡಿಗೆಮನೆಯಿಂದಲೇ ಕಲಿಸಿದರು. ಎಂಜಿನ್ ಶುರು ಮಾಡಿಸಿ, ನನ್ನನ್ನು ಸೈಲೆನ್ಸರಿನ ಹತ್ತಿರ ಕುಕ್ಕರುಗಾಲಲ್ಲಿ ಕೂರಿಸಿ, ತಾವು ಮುಂದಿನಿಂದ ಕೂಗುವುದು:

'ಯಾವ ಹೊಗೆ ಮಾರಾಯ? ಇಡ್ಲಿಯದ್ದಾ, ಬಜ್ಜಿಯದ್ದಾ, ಒಲೆಯದ್ದಾ?'

ಇಡ್ಲಿ ಪಾತ್ರೆಯ ಹಾಗೆ ಬಿಳಿ ಹೊಗೆ ಬಂದು, ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಎಲ್ಲೋ ನೀರು ಒಳಗೆ ಹೋಗುತ್ತಿದೆ. ಬಜ್ಜಿ ಬಾಣಲೆಯ ಹಾಗೆ ನೀಲಿ ಇದ್ದರೆ ಎಂಜಿನ್ ಆಯಿಲ್ ಸುಡುತ್ತಿದೆ. ಒಲೆಯ ಹಾಗೆ ಕಪ್ಪು ಬಿಡುತ್ತಲೇ ಇದ್ದರೆ ತಿಂದ ಡೀಸೆಲ್ ಜೀರ್ಣವಾಗುತ್ತಿಲ್ಲ. ಆಮೇಲೆ ಎಂಜಿನ್ ಆಯಿಲಿನ ಮುಚ್ಚಳ ತೆಗೆದು ಅದರ ಒಳಮೈ ನೋಡುವುದು. ಅಲ್ಲಿ ಮಜ್ಜಿಗೆ ಮೆತ್ತಿದ ಹಾಗೆ ಇದ್ದರೆ, ಆಯಿಲಿಗೆ ನೀರು ಸೇರಿದೆ, ನಮಸ್ಕಾರ ಹೇಳಿ ಹೊರಡುವುದು. ಕ್ಲಚ್ಚಿಗೆ ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ, ಮೆಲ್ಲಗೆ ಕಾಲು ಬಿಡುವುದು. 'ಎಂಜಿನ್ ಸತ್ತರೆ ಕ್ಲಚ್ ಬದುಕಿದೆ. ಎಂಜಿನ್ ಬದುಕಿದರೆ ಕ್ಲಚ್ ಸತ್ತಿದೆ.' ಇದನ್ನು ಅವರು ಯಾವುದೋ ಪುರಾಣದ ಶ್ಲೋಕದ ಹಾಗೆ ಹೇಳುತ್ತಿದ್ದರು. ನಾನು ಅದನ್ನು ತಾಳ ಹಾಕಿ ಹಾಡುತ್ತಿದ್ದೆ.

ಕಲ್ಯಾಣದಲ್ಲಿ ಒಮ್ಮೆ ಒಂದು ಗಾಡಿ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬಾನೆಟ್ ತಣ್ಣಗಿತ್ತು. ಹೊಗೆಯೂ ಇರಲಿಲ್ಲ. ಮಾರುವವನು ಎದೆ ಮೇಲೆ ಕೈ ಇಟ್ಟು, 'ಕಾಕಾ, ಡಾಕ್ಟರಚೀ ಗಾಡಿ. ಫಕ್ತ ರವಿವಾರೀ ಚಾಲವಲೀ' ಎಂದ. ಡಾಕ್ಟರರ ಗಾಡಿ, ಭಾನುವಾರ ಮಾತ್ರ ಓಡಿಸಿದ್ದು ಎಂದು.

ಮಾಮ ನನ್ನ ಕಡೆ ತಿರುಗಿ ಕನ್ನಡದಲ್ಲಿ, 'ಮಾರುವುದಕ್ಕೆ ಇಟ್ಟ ಗಾಡಿ ಎಲ್ಲ ಡಾಕ್ಟರರದ್ದೇ. ಇಷ್ಟು ಡಾಕ್ಟರರಿದ್ದೂ ನಮಗೆ ಕಾಯಿಲೆ ಯಾಕೆ ಬರುತ್ತದೆ?' ಎಂದವರೇ, ಸೀಟಿನ ಪಕ್ಕದ ಬೆಲ್ಟನ್ನು ಬಾವಿ ಹಗ್ಗದ ಹಾಗೆ ಕೊನೆಯವರೆಗೂ ಎಳೆದರು. ಎಲ್ಲರೂ ಅರ್ಧ ಎಳೆಯುತ್ತಾರೆ. ಪೂರ್ತಿ ಎಳೆದಾಗ ಬುಡದಲ್ಲಿ ಕಂದು ಗೆರೆ, ಒಣಗಿದ ಕೆಸರು. ಮ್ಯಾಟ್ ಎತ್ತಿದರೆ ತೊಳೆಯದ ಒದ್ದೆಬಟ್ಟೆಯ ವಾಸನೆ. ನದಿ ಉಕ್ಕಿದ ಮಳೆಗಾಲದಲ್ಲಿ ಗಾಡಿ ಸೀಟಿನವರೆಗೆ ಮುಳುಗಿತ್ತು.

'ಡಾಕ್ಟರರು ಭಾನುವಾರ ಈಜಲು ಹೋಗುತ್ತಿದ್ದರಾ?' ಎಂದು ನಾನು ಹಿಂದಿಯಲ್ಲಿ ಕೇಳಿದೆ. ಮಾಮ ದಾರಿಯಿಡೀ ಆ ಮಾತನ್ನು ತಮ್ಮದೇ ಎಂಬಂತೆ ಫೋನಿನಲ್ಲಿ ನಾಲ್ಕು ಜನಕ್ಕೆ ಹೇಳಿದರು.

ಇಷ್ಟೆಲ್ಲ ಹೇಳಿ ತೆಂಗಿನಕಾಯಿಯ ಕಥೆ ಹೇಳದಿದ್ದರೆ ಮಾಮನೇ ಮೇಲಿನಿಂದ ಬೈದಾರು. ಕಳವಾದಲ್ಲಿ ಒಂದು ಗಾಡಿ ನೋಡಲು ಹೋಗಿದ್ದೆವು. ಎಲ್ಲ ಪರೀಕ್ಷೆಯೂ ಪಾಸು. ಓಡಿಸಿ ನೋಡುವಾಗ ತಿರುವಿನಲ್ಲಿ ಮಾತ್ರ ಹಿಂದಿನಿಂದ ಗಡಗಡ, ಗಡಗಡ. ನೇರ ಹೋದರೆ ಸದ್ದಿಲ್ಲ.

'ನಿಲ್ಲಿಸು!' ಮಾಮನ ಕಣ್ಣಲ್ಲಿ ದೀಪಾವಳಿ. 'ಡಿಫರೆನ್ಶಿಯಲ್ ಹೋಗಿದೆ!'

ಡಿಫರೆನ್ಶಿಯಲ್ ಎಂದರೆ ತಿರುವಿನಲ್ಲಿ ಒಳಚಕ್ರವೂ ಹೊರಚಕ್ರವೂ ಬೇರೆ ಬೇರೆ ವೇಗದಲ್ಲಿ ತಿರುಗುವಂತೆ ಮಾಡುವ ಗೇರುಗಳ ಗುಂಡು ಡಬ್ಬ. ಅದು ಕೆಟ್ಟರೆ ತಿರುವಿನಲ್ಲೇ ಸದ್ದು, ಅದು ನಿಜ. ಮಾಮ ರಸ್ತೆಯಲ್ಲೇ ಅಂಗಾತ ಮಲಗಿ ಗಾಡಿಯಡಿ ನುಗ್ಗಿದರು. ಬಿಳೀ ಅಂಗಿ, ಬಿಳೀ ಪಂಚೆ. ಅಡಿಯಿಂದಲೇ ಭಾಷಣ. ಮಾರುವವನು ಪಾಪ, ಕಾಯಿದೆ ಪ್ರಕಾರ ಬೆವರುತ್ತಿದ್ದ. ಅಷ್ಟರಲ್ಲಿ ಅವನ ಹೆಂಡತಿ ಓಡಿಬಂದು, 'ಅಹೋ, ನಾರಳ ಗಾಡೀತಚ ರಾಹಿಲಾ ಕಾ?' ಎಂದು ಕೇಳಿದಳು. ಹಿಂದಿನ ಬಾಗಿಲು ತೆಗೆದಳು. ವ್ಯಾಪಾರ ಕುದುರಿದರೆ ಒಡೆಯಲೆಂದು ಇಟ್ಟಿದ್ದ ತೆಂಗಿನಕಾಯಿ ಉರುಳಿ ಬಂದು ಅವಳ ಕೈಗೆ ಸಿಕ್ಕಿತು.

ಬೇರೆ ಯಾರಾದರೂ ಆಗಿದ್ದರೆ ಗಾಡಿಯಡಿಯಿಂದ ಹೊರಗೆ ಬರುತ್ತಲೇ ಇರಲಿಲ್ಲ. ಮಾಮ ಬಂದರು. ಬೆನ್ನಿನ ಧೂಳು ಕೊಡವಿದರು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಗಂಭೀರವಾಗಿ, 'ನೀರು ಉಂಟು. ಡಿಫರೆನ್ಶಿಯಲ್‌ನಲ್ಲಿ ಎಣ್ಣೆ ಸರಿ ಉಂಟು. ಗಾಡಿ ತೆಗೆದುಕೊಳ್ಳಬಹುದು' ಎಂದರು.

ಆ ದಿನದಿಂದ ನಮ್ಮ ವಿಂಗಿನಲ್ಲಿ ತೆಂಗಿನಕಾಯಿಗೆ ಬೇರೆ ಹೆಸರಿಲ್ಲ. ಮಾಮಿ ಬಾಲ್ಕನಿಯಿಂದ ಬಗ್ಗಿ, 'ಬರುವಾಗ ಎರಡು ಡಿಫರೆನ್ಶಿಯಲ್ ತಾ ಮಾರಾಯ, ಒಂದು ಚಟ್ನಿಗೆ, ಒಂದು ದೇವರಿಗೆ' ಎಂದು ಕೂಗಿದರೆ ತರಕಾರಿ ಮಾರುವ ಭಾಜಿಯವನಿಗೂ ಅರ್ಥವಾಗುತ್ತಿತ್ತು. ತಮ್ಮನ್ನು ಗೇಲಿ ಮಾಡಿದ ಪದವನ್ನು ಮಾಮ ಎಲ್ಲರಿಗಿಂತ ಹೆಚ್ಚು ಬಳಸುತ್ತಿದ್ದರು. ಇದು ನನಗೆ ಬಹಳ ಹಿಡಿಸಿದ ಗುಣ. ನಾನು ಲೋಕವನ್ನೆಲ್ಲ ಗೇಲಿ ಮಾಡುವವನು. ನನ್ನ ಹಣೆಬರಹದಲ್ಲಿ ಗೇಲಿಗೆ ಸಿಟ್ಟಾಗುವವರೇ ಹೆಚ್ಚು.

ಆಮೇಲೆ ಮಾಮನ ಕಣ್ಣು ಕೈಕೊಟ್ಟಿತು. ಎದುರಿನದು ಕಾಣುತ್ತಿತ್ತು, ಬದಿಯಿಂದ ಬರುವುದು ಕಾಣುತ್ತಿರಲಿಲ್ಲ. ಕಣ್ಣಿನ ಡಾಕ್ಟರು ಇನ್ನು ಸ್ಟಿಯರಿಂಗ್ ಮುಟ್ಟಲೇಬಾರದು ಎಂದರು. 'ಬದಿಯಿಂದ ರಿಕ್ಷಾ ಬರುವುದು ಈ ಊರಲ್ಲಿ ಯಾರಿಗೆ ಕಾಣುತ್ತದೆ ಡಾಕ್ಟ್ರೇ?' ಎಂದು ಮಾಮ ವಾದ ಮಾಡಿದರಂತೆ. ಮಾಮಿ ಮನೆಗೆ ಬಂದವರೇ ಗಾಡಿಯ ಕೀಲಿಯನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟರು. ಹೋಟೆಲನ್ನು ಅದಕ್ಕೆ ಮೊದಲೇ ಬೇರೆಯವರಿಗೆ ನಡೆಸಲು ಕೊಟ್ಟಾಗಿತ್ತು. ಉಳಿದದ್ದು ಗಾಡಿ ಒಂದು, ನಮ್ಮ ಬಿಲ್ಡಿಂಗಿನ ಅಡಿಯ ಪಾರ್ಕಿಂಗಿನಲ್ಲಿ.

ಮಾರುವುದೆಂದು ತೀರ್ಮಾನವಾಯಿತು. ಆದರೆ ಮಾಮ ಒಂದು ಷರತ್ತು ಹಾಕಿದರು: ಪರೀಕ್ಷೆ ಮಾಡದೆ ಕೊಳ್ಳುವವನಿಗೆ ಗಾಡಿ ಇಲ್ಲ. 'ನೋಡದೆ ತೆಗೆದುಕೊಂಡವ ನೋಡದೆಯೇ ಓಡಿಸುತ್ತಾನೆ. ಹಾಗೆ ಹಾಳುಮಾಡುವವನಿಗೆ ಕೊಡುವುದಕ್ಕಿಂತ ಭಂಗಾರಿಗೆ, ಗುಜರಿಗೆ ಹಾಕುತ್ತೇನೆ.' ಹೇಳಿದ್ದನ್ನು ಮಾಡುವ ಜನ. ಮಾಮಿಗೆ ಭಯವೇ ಆಯಿತು.

ಖಾರಘರದಿಂದ ಒಬ್ಬ ಬಂದ, ಬಾಗಿಲು ತೆಗೆದು ಮೊದಲು ಕೇಳಿದ್ದು ಹಾಡಿನ ಪೆಟ್ಟಿಗೆಯ ಬಗ್ಗೆ. 'ಊಟಕ್ಕೆ ಬಂದವ ಫ್ಯಾನ್ ನೋಡಿ ಹೋದ ಹಾಗಾಯಿತು' ಎಂದು ಮಾಮ ಕಳಿಸಿದರು. ಠಾಣೆಯ ಇನ್ನೊಬ್ಬ ಬಾನೆಟ್ಟಿನ ಮೇಲೆ ಹತ್ತಿ ಕೂತು ರೀಲ್ಸ್ ಮಾಡಿಸಿಕೊಂಡ. ಮೂರನೆಯವನು ಬಹಳ ಗೌರವಸ್ಥ. 'ನಿಮ್ಮ ಮೇಲೆ ಪೂರ್ತಿ ವಿಶ್ವಾಸ ಇದೆ ಕಾಕಾ, ನೋಡುವುದೇನು' ಎಂದ. ಅವನನ್ನು ಮಾಮ ಎಲ್ಲರಿಗಿಂತ ಬೇಗ ಓಡಿಸಿದರು.

ನನಗೂ ಆ ಗಾಡಿ ಬೇಕಿತ್ತು. ಮದುವೆ ಮನೆಗಳಿಗೆ ಸ್ಪೀಕರ್ ಪೆಟ್ಟಿಗೆ ಹೊತ್ತು ಲೋಕಲ್ ಹತ್ತುವ ಕಲಾವಿದನ ಕಷ್ಟ ನಿಮಗೆ ಗೊತ್ತಿಲ್ಲ. ಆದರೆ ಕೇಳಲು ಧೈರ್ಯ ಇರಲಿಲ್ಲ. ಕೊನೆಗೆ ಒಂದು ಶನಿವಾರ ಹೇಳಿದೆ. ಮಾಮ ನನ್ನನ್ನು ಮೇಲಿಂದ ಕೆಳಗೆ ನೋಡಿ, 'ನೀನಾ? ಸರಿ. ನಾಳೆ ಬೆಳಿಗ್ಗೆ ಗಿರಾಕಿಯಾಗಿ ಬಾ. ಮಂಗನಾಗಿ ಬರಬೇಡ' ಎಂದರು.

ಭಾನುವಾರ ಬೆಳಿಗ್ಗೆ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಫ್ಲಾಸ್ಕಿನಲ್ಲಿ ಅಮ್ಮನ ಕಾಫಿ ತುಂಬಿಸಿಕೊಂಡು ಇಳಿದೆ. ಮಾಮ ಗಾಡಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮಾರುವವನ ಗತ್ತಿನಲ್ಲಿ ಕೂತಿದ್ದರು. ಮಾಮಿ ಸ್ಟೀಲ್ ಲೋಟದಲ್ಲಿ ಚಾ ತಂದರು. 'ಬೇಡ ಮಾಮಿ, ನಾಲಗೆಗೆ ದಾಕ್ಷಿಣ್ಯ' ಎಂದೆ. ಮಾಮನ ಮೀಸೆ ಸ್ವಲ್ಪ ಅಲ್ಲಾಡಿತು. ನೇರ ಹೋಗಿ ಬಾನೆಟ್ಟಿನ ಮೇಲೆ ಹಿಂಗೈ ಇಟ್ಟೆ. ಕಣ್ಣು ಮುಚ್ಚಿದೆ. ಆ ಕ್ಷಣದವರೆಗೂ ಅದು ಮಿಮಿಕ್ರಿಯೇ.

ಬಿಸಿ ಇತ್ತು.

ಕಣ್ಣು ತೆರೆದೆ. ಮಾಮ ಎದುರಿನ ಗೋಡೆ ನೋಡುತ್ತಿದ್ದರು.

'ಮಾಮ, ಬಿಸಿ ಉಂಟು.'

'ಬಿಸಿಲು ಮಾರಾಯ.'

ತಲೆಯ ಮೇಲೆ ಏಳು ಮಾಳಿಗೆಯ ಬಿಲ್ಡಿಂಗು. ಆ ಪಾರ್ಕಿಂಗಿಗೆ ಕಟ್ಟಿದಂದಿನಿಂದ ಬಿಸಿಲು ಬಿದ್ದದ್ದಿಲ್ಲ. ಬೇರೆಯವರ ಗಾಡಿ ಆಗಿದ್ದರೆ ಇಷ್ಟರಲ್ಲಿ ತಿರುಗಿ ನಡೆದಿರುತ್ತಿದ್ದೆವು. ಇದು ಮಾಮನ ಗಾಡಿ. ಅವರ ಮೇಲೆ ಅನುಮಾನವೇ? ವಿಶ್ವಾಸ ಇದೆ ಎಂದು ಕೈ ಮುಗಿದವನನ್ನು ಓಡಿಸಿದ್ದು ನೆನಪಾಯಿತು. ಗಂಟಲು ಸರಿಮಾಡಿಕೊಂಡೆ.

'ನಾಳೆ ಬರ್ತೇನೆ' ಎಂದೆ. ತಿರುಗಿ ಲಿಫ್ಟಿನ ಕಡೆ ನಡೆದೆ.

ಹಿಂದೆ ಮಾಮಿಯ ದನಿ ಕೇಳಿತು: 'ಅಯ್ಯೋ, ಇವರು ಅಕ್ಕಿ ಡಬ್ಬಕ್ಕೆ ಕೈ ಹಾಕಿದಾಗಲೇ ನಾನು ಕೇಳಬೇಕಿತ್ತು. ಬೆಳಿಗ್ಗೆ ಎದ್ದು ಗಾಡಿಯಲ್ಲಿ ಕೂತುಕೊಂಡಿದ್ದರು ಮಾರಾಯ! ಹೋಗಲೂ ಇಲ್ಲ, ಬರಲೂ ಇಲ್ಲ. ಎಂಜಿನ್ ಹಾಕಿಕೊಂಡು ಸುಮ್ಮನೆ ಸ್ಟಿಯರಿಂಗ್ ಹಿಡಿದು ಕೂತದ್ದು. ವಾಚ್‌ಮನ್ ಬಂದು ಹೇಳಿದ ಮೇಲೆ ನನಗೆ ಗೊತ್ತು.'

ನಾನು ತಿರುಗಿ ನೋಡಲಿಲ್ಲ. ನೋಡಿದ್ದರೆ ಏನಾದರೂ ತಮಾಷೆ ಮಾಡಿಬಿಡುತ್ತಿದ್ದೆ. ಲಿಫ್ಟಿನ ಬಾಗಿಲು ಮುಚ್ಚುವಾಗ ಮಾಮನ ನಗು ಕೇಳಿತು. ಪಾರ್ಕಿಂಗ್ ಇಡೀ ತುಂಬುವ, ಗಲ್ಲೆಯಲ್ಲಿ ಕೂತು ನಗುತ್ತಿದ್ದ ಹಳೇ ನಗು. 'ನೋಡಿದೆಯಾ? ನನ್ನನ್ನೇ ವಾಪಸ್ ಕಳಿಸಿದ! ನನ್ನನ್ನೇ!'

ಅವತ್ತು ಸಂಜೆಯೊಳಗೆ ಸೊಸೈಟಿಯ ಎಲ್ಲ ಮನೆಗೂ ಸುದ್ದಿ ಮುಟ್ಟಿತ್ತು. ಹೇಳಿದವರು ಮಾಮನೇ. ಮಗನಿಗೆ ಬೋರ್ಡ್ ಪರೀಕ್ಷೆಯಲ್ಲಿ ರ‍್ಯಾಂಕ್ ಬಂದ ಹಾಗೆ ಒಂದೊಂದು ಮಾಳಿಗೆ ಹತ್ತಿ ಹೇಳಿದ್ದು. ನನ್ನ ಅಪ್ಪನಿಗೆ ನನ್ನ ಬಗ್ಗೆ ಯಾರಾದರೂ ದೂರು ಅಲ್ಲದ ಮಾತು ಹೇಳಿದ್ದು ಅದೇ ಮೊದಲು. ಪಾಪ, ಏನು ಮುಖ ಮಾಡಬೇಕೆಂದು ತಿಳಿಯದೆ ಚಾ ಮಾಡಲು ಹೋದರು.

ಮರುದಿನ ರಜೆ ಹಾಕಿ, ಅದೇ ಇಸ್ತ್ರಿ ಅಂಗಿ ತೊಟ್ಟು ಇಳಿದೆ. ಬಾನೆಟ್ ಬಾವಿಕಟ್ಟೆಯ ಹಾಗೆ ತಣ್ಣಗಿತ್ತು. ಕೀಲಿ ತಿರುಗಿಸಿದೆ, ಒಂದೇ ಕೂಗಿಗೆ ಎದ್ದಿತು. ಹೊಗೆ ನೋಡಿದೆ, ಮುಚ್ಚಳ ನೋಡಿದೆ, ಗಾಡಿಯಡಿ ನುಗ್ಗಿ ಚಾಸಿಯನ್ನು ಸ್ಕ್ರೂಡ್ರೈವರಿನಿಂದ ಕುಟ್ಟಿ ತುಕ್ಕು ಹುಡುಕಿದೆ, ನಾಲ್ಕು ಟೈರೂ ಒಂದೇ ಅಳತೆಯದ್ದಾ, ಒಂದೇ ಥರ ಸವೆದಿದ್ದಾವಾ ಎಂದು ಬೆರಳಿನಿಂದ ಅಳೆದೆ. ಆಮೇಲೆ ಮಾಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ನವಿ ಮುಂಬೈ ಕಡೆ ಒಂದು ಖಾಲಿ ಪ್ಲಾಟಿಗೆ ಹೋದೆ. ಫೋರ್ ವೀಲನ್ನು ಡಾಂಬರಿನ ಮೇಲೆ ಪರೀಕ್ಷೆ ಮಾಡಬಾರದು. ಯಾಕೆ ಎಂದು ಮಾಮ ಕೇಳಿದರು, ಗೊತ್ತಿಲ್ಲದ ಗಿರಾಕಿಯನ್ನು ಕೇಳುವ ಹಾಗೆ.

ಅವರದೇ ಮಾತನ್ನು ಅವರದೇ ದನಿಯಲ್ಲಿ ಒಪ್ಪಿಸಿದೆ: 'ಇಬ್ಬರು ಸಾಂಬಾರಿನ ಹಂಡೆ ಹಿಡಿದು ಮೂಲೆಯಲ್ಲಿ ತಿರುಗುವಾಗ ಮುಂದಿನವನಿಗೆ ದಾರಿ ಹೆಚ್ಚು, ಹಿಂದಿನವನಿಗೆ ಕಡಿಮೆ. ಇಬ್ಬರನ್ನೂ ಕಟ್ಟಿಹಾಕಿ ಒಂದೇ ಹೆಜ್ಜೆ ಹಾಕಿಸಿದರೆ ಹಂಡೆ ಎಳೆದಾಡುತ್ತದೆ, ಕೈ ಮುರಿಯುತ್ತದೆ. ಕೆಸರಲ್ಲಾದರೆ ಕಾಲು ಸ್ವಲ್ಪ ಜಾರಿ ಸರಿಹೋಗುತ್ತದೆ ಮಾರಾಯ.'

'ನನ್ನ ದನಿ ಹೀಗುಂಟಾ?'

'ಇದಕ್ಕಿಂತ ಕೆಟ್ಟದುಂಟು ಮಾಮ.'

ಕೆಸರಿಗೆ ಇಳಿಸಿದೆ. ಲಿವರ್ ಎಳೆದೆ. ನಾಲ್ಕೂ ಚಕ್ರ ಮಣ್ಣು ಕಚ್ಚಿ ಗಾಡಿ ಆನೆಯ ಹಾಗೆ ಎದ್ದು ಬಂತು. ತಿರುಗಿಸಿದೆ. ಹಿಂದಿನಿಂದ ಗಡಗಡ, ಗಡಗಡ. ತಕ್ಷಣ ನಿಲ್ಲಿಸಿ, ಇಳಿದು, ಇಸ್ತ್ರಿ ಅಂಗಿ ಸಮೇತ ಕೆಸರಲ್ಲಿ ಮಲಗಿ ಗಾಡಿಯಡಿ ನುಗ್ಗಿದೆ. ಮೇಲಿನಿಂದ ಮಾಮನ ದನಿ:

'ಹಿಂದಿನ ಬಾಗಿಲು ತೆಗೆದು ನೋಡು. ಅದು ಕಂಪನಿ ಫಿಟಿಂಗ್.'

ಮಾಮಿ ಪೂಜೆಗೆಂದು ಇಟ್ಟಿದ್ದ ಡಿಫರೆನ್ಶಿಯಲ್. ಅದು ಅಲ್ಲಿದೆ ಎಂದು ಮಾಮನಿಗೆ ಮೊದಲೇ ಗೊತ್ತಿತ್ತು. 'ಇಳಿಯುತ್ತೀಯಾ ಇಲ್ಲವಾ ಅಂತ ನೋಡಿದೆ' ಎಂದರು. 'ಗಾಡಿ ನಿನಗೆ.' ಕಾಯಿಯನ್ನು ಅವರೇ ಚಕ್ರದ ಮುಂದೆ ಒಡೆದರು. ಬದಿಯದು ಕಾಣದ ಕಣ್ಣಿದ್ದರೂ ಒಂದೇ ಏಟಿಗೆ ಸರೀ ಎರಡು ಹೋಳು. ಅದನ್ನೂ ಎಲ್ಲರಿಗೂ ಹೇಳಿಕೊಂಡರು.

ಅದಾದ ಮೇಲೆ ಎರಡು ಮಳೆಗಾಲ ಭಾನುವಾರಗಳಲ್ಲಿ ನಾನೇ ಓಡಿಸಿದೆ, ಮಾಮ ಪಕ್ಕದಲ್ಲಿ ಕೂತು ತಪ್ಪು ಹುಡುಕಿದರು. ಗಾಡಿ ನೋಡಲು ಹೋದಲ್ಲೆಲ್ಲ ನನ್ನನ್ನು ಮುಂದೆ ಬಿಟ್ಟು, 'ಇವ ನನ್ನನ್ನೇ ವಾಪಸ್ ಕಳಿಸಿದವ' ಎಂದು ಪರಿಚಯ ಮಾಡಿಸುತ್ತಿದ್ದರು. ಅದಕ್ಕಿಂತ ದೊಡ್ಡ ಶಾಲು ನನಗೆ ಯಾವ ಸಂಘವೂ ಹೊದಿಸಿಲ್ಲ.

ಕನ್ನಡ ಸಂಘದಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ಅಧ್ಯಕ್ಷರು ಬಾಗಿಲಲ್ಲೇ ನನ್ನ ಕೈ ಹಿಡಿದು, 'ಇವತ್ತು ಮಿಮಿಕ್ರಿ ಗಿಮಿಕ್ರಿ ಬೇಡ ಆಯ್ತಾ' ಎಂದು ಎಚ್ಚರಿಸಿದರು. ನನ್ನ ಸರದಿ ಬಂದಾಗ ಮೈಕಿನ ಮುಂದೆ ನಿಂತೆ. ಯಾರ ದನಿಯೂ ಬರಲಿಲ್ಲ, ನನ್ನದೂ ಬರಲಿಲ್ಲ. ಬಲಗೈ ಮಗುಚಿ ಮೇಜಿನ ಮೇಲಿಟ್ಟೆ, ಅಷ್ಟೇ. ಮೊದಲು ನಕ್ಕವರು ಮುಂದಿನ ಸಾಲಿನ ಮಾಮಿ. ಆಮೇಲೆ ಇಡೀ ಹಾಲ್. ಅಧ್ಯಕ್ಷರೂ.

ಅಲ್ಲಿ ಕೂರಲಾಗದೆ ನಾನು ಹೊರಗೆ ಬಂದೆ. ಎಷ್ಟೋ ಹೊತ್ತಿನ ಮೇಲೆ ಸಭೆ ಮುಗಿದು ಮಾಮಿ ಹೊರಬಂದರು. ಅವರನ್ನು ಮನೆಗೆ ಬಿಡಬೇಕಿತ್ತು. ಗಾಡಿ ಹಾಲಿನ ಹಿಂದೆ, ದೊಡ್ಡ ಆಲದ ಮರದಡಿ ನಿಂತಿತ್ತು. ನಾನು ಸ್ಟಿಯರಿಂಗ್ ಬಿಟ್ಟು, ಎಂಜಿನ್ ಆರಿಸಿ, ಇಳಿದು ಅವರಿಗೆ ಬಾಗಿಲು ತೆಗೆದೆ. ಮಾಮಿ ಹತ್ತಲಿಲ್ಲ. ಮುಂದೆ ಹೋಗಿ, ಸೆರಗು ಸರಿಮಾಡಿಕೊಂಡು, ಹಿಂಗೈಯನ್ನು ಬಾನೆಟ್ಟಿನ ಮೇಲಿಟ್ಟರು. ಕಣ್ಣು ಮುಚ್ಚಿದರು.

'ಬಿಸಿ ಉಂಟಲ್ಲ ಮಾರಾಯ?'

'ಬಿಸಿಲು ಮಾಮಿ' ಎಂದೆ. ದೇವರಾಣೆ, ಆ ದನಿ ನಾನು ತೆಗೆದದ್ದಲ್ಲ. ತಾನಾಗಿ ಬಂದದ್ದು, ಮಾಮನದ್ದೇ.

ಮಾಮಿ ತಲೆ ಎತ್ತಿ ಮರ ನೋಡಿದರು. ಎಲೆಯ ಸಂದಿನಿಂದ ಒಂದು ಕಾಸಿನಷ್ಟು ಬೆಳಕೂ ಕೆಳಗೆ ಬೀಳುತ್ತಿರಲಿಲ್ಲ.

'ಹೌದೌದು' ಎಂದರು. 'ಭಯಂಕರ ಬಿಸಿಲು. ನಡಿ, ಹೋಗುವ.'